ಕಂಬದ ಮೇಲಿನ ಮನೆಗಳು, ನಮ್ಮ ಕಡೆಯ ನಡುಗೋಡೆ

ಜಮಖಂಡಿ

ಅಮೆರಿಕಕ್ಕೆ ನಾನು ಹೋದದ್ದು ನನ್ನ ಆಸೆಯಿಂದಲ್ಲ, ಅಕ್ಕನ ಹೆದರಿಕೆಯಿಂದ.

ಅಕ್ಕನ ಮಗಳು ಸುನಂದಾ ಅಲ್ಲಿ ಲೂಯಿಸಿಯಾನ ಎಂಬ ರಾಜ್ಯದಲ್ಲಿ, ಸಮುದ್ರಕ್ಕೆ ಹತ್ತಿರದ ಒಂದು ಸಣ್ಣ ಊರಿನ ಸರಕಾರಿ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಕೆಲವು ವರ್ಷಗಳ ಹಿಂದೆ ಅಲ್ಲಿ ಭಾರಿ ಚಂಡಮಾರುತ ಬೀಸಿ ಸಮುದ್ರವೇ ಊರೊಳಗೆ ನುಗ್ಗಿತ್ತು. ಊರು ಬಿಟ್ಟು ಓಡಿದ ಮಾಸ್ತರರಲ್ಲಿ ಬಹಳ ಮಂದಿ ಮರಳಿ ಬರಲಿಲ್ಲ. ಆ ಜಾಗಗಳಿಗೆ ಹೊರದೇಶದವರನ್ನು ಕರೆಸಿಕೊಂಡಾಗ, ಬನಹಟ್ಟಿಯ ಹೈಸ್ಕೂಲಿನಲ್ಲಿ ಕಲಿಸುತ್ತಿದ್ದ ನಮ್ಮ ಹುಡುಗಿಯೂ ಹೋದಳು. ಈಗ ತಾಯಿಯನ್ನು ಬೇಸಿಗೆಗೆ ಕರೆದಿದ್ದಳು. ಅಕ್ಕ ಒಬ್ಬಳೇ ವಿಮಾನ ಹತ್ತಲು ಒಪ್ಪಲಿಲ್ಲ.

“ಲೇ ವಸಂತಾ, ನೀ ರಿಟಾಯರ್ ಆಗಿ ಮನ್ಯಾಗ ಕೂತು ಪೇಪರ್ ಓದ್ತಿ. ಅಲ್ಲೂ ಕೂತು ಓದು. ನಡಿ,” ಅಂದಳು. ಅಕ್ಕ ಹೇಳಿದ ಮೇಲೆ ನಮ್ಮ ಮನೆಯಲ್ಲಿ ಅದಕ್ಕೆ ಅಪೀಲು ಇಲ್ಲ.

ನಾನು ಮ್ಯಾಟ್ರಿಕ್ ಮುಗಿಸಿ ಸರಕಾರಿ ಕಟ್ಟಡಗಳ ಕೆಲಸದಲ್ಲಿ ವರ್ಕ್ ಇನ್‌ಸ್ಪೆಕ್ಟರ್ ಆಗಿ ಸೇರಿದವನು. ನಕಾಶೆ ಬರೆಯುವವರು ಎಂಜಿನಿಯರ್ ಸಾಹೇಬರು, ಕಟ್ಟುವವನು ಗುತ್ತಿಗೆದಾರ. ಅವರಿಬ್ಬರ ನಡುವೆ ಛತ್ರಿ ಹಿಡಿದು ನಿಂತು, ಸಿಮೆಂಟು ಸರಿಯಾಗಿ ಬಿತ್ತೋ ಇಲ್ಲವೋ, ನೀರು ಹೊಡೆದರೋ ಇಲ್ಲವೋ ಎಂದು ನೋಡುವವನು ನಾನು. ಜಮಖಂಡಿ, ಮುಧೋಳ, ಬೀಳಗಿ ಈ ತಾಲೂಕುಗಳಲ್ಲಿ ಎಷ್ಟೋ ಸಾಲೆ, ದವಾಖಾನೆ, ಮನೆಗಳ ಗೋಡೆಗಳು ನನ್ನ ಕಣ್ಣೆದುರೇ ಮೇಲೆದ್ದಿವೆ. ಅವುಗಳಲ್ಲಿ ಒಂದು ಗೋಡೆಯ ಮಾತು ಈ ಬರಹದಲ್ಲಿ ಬರುತ್ತದೆ. ಅದು ಬರಬೇಕೆಂದೇ ಬರೆಯುತ್ತಿದ್ದೇನೆ. ದೇಶ ನೋಡಿ ಬಂದವರು ಅಲ್ಲಿ ಕಂಡದ್ದನ್ನು ಹೇಳುತ್ತಾರೆ. ನನಗೆ ಅಲ್ಲಿ ಕಂಡದ್ದಕ್ಕಿಂತ ಅಲ್ಲಿ ನೆನಪಾದದ್ದೇ ಹೆಚ್ಚು.

ಸುಂಕದವರ ಮೇಜು

ಇಳಿದ ಮೊದಲ ವಿಮಾನ ನಿಲ್ದಾಣದಲ್ಲೇ ಅಕ್ಕನನ್ನು ಹಿಡಿದರು. ಅವಳ ಪೆಟ್ಟಿಗೆಯಲ್ಲಿ ಹಳೆಯ ಧೋತರದ ತುಂಡಿನಲ್ಲಿ ಕಟ್ಟಿದ ಕಡಕ್ ರೊಟ್ಟಿಯ ಒಂದು ಥಪ್ಪಿ ಇತ್ತು, ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿಯೂ ಇತ್ತು. ಎತ್ತರದ ಅಧಿಕಾರಿಯೊಬ್ಬ ಗಂಟು ಬಿಚ್ಚಿ, ಮೇಲಿನ ರೊಟ್ಟಿಯನ್ನು ಬೆರಳ ಗೆಣ್ಣಿನಿಂದ ಬಾಗಿಲು ಬಡಿದಂತೆ ಬಡಿದ. ಟಕ್ ಎಂದು ಸದ್ದಾಯಿತು.

“ಬ್ರೆಡ್,” ಎಂದೆ ನಾನು.

ಅವನು ನನ್ನ ಮುಖ ನೋಡಿದ. ಹೀಗೆ ಸದ್ದು ಮಾಡುವ ಬ್ರೆಡ್ಡನ್ನು ಅವನು ಜನ್ಮದಲ್ಲಿ ನೋಡಿರಲಿಕ್ಕಿಲ್ಲ. ಅಕ್ಕ ಮುಂದೆ ಬಂದು, ಒಂದು ತುಂಡು ಮುರಿದು ತಾನು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಅವನ ಮೂಗಿನ ಹತ್ತಿರ ಹಿಡಿದಳು. “ತಿನ್ರಿ, ಜ್ವಾಳದ್ದು. ಒಂದು ತಿಂಗಳಾದ್ರೂ ಕೆಡೂದಿಲ್ಲ.” ಆ ಅಧಿಕಾರಿ ಎರಡೂ ಕೈ ಮೇಲೆತ್ತಿ ಹಿಂದೆ ಸರಿದ. ಸಾಲಿನಲ್ಲಿ ನಿಂತವರು ನಗತೊಡಗಿದರು. ಸಣ್ಣ ನಾಯಿಯೊಂದನ್ನು ತಂದು ಮೂಸಿಸಿದರು. ಅದು ರೊಟ್ಟಿಯನ್ನು ಬಿಟ್ಟು ಅಕ್ಕನ ಕೈಯನ್ನೇ ನೆಕ್ಕಿತು. ಕೊನೆಗೆ ಹೋಗಿರೆಂದು ಕೈ ಬೀಸಿದರು.

“ನಾಯಿಗಾದ್ರೂ ಮನಿಶ್ಯಾರ ಗುರ್ತು ಹತ್ತಿತು ನೋಡು,” ಎಂದಳು ಅಕ್ಕ, ಗಂಟು ಮತ್ತೆ ಕಟ್ಟುತ್ತ.

ಸುನಂದಾಳ ಊರು

ಊರು ಹೊಕ್ಕಾಗ ನನ್ನ ಕಣ್ಣು ಮೊದಲು ಹೋದದ್ದು ಮನೆಗಳ ಕಾಲಿನ ಕಡೆಗೆ. ಅರ್ಧಕ್ಕಿಂತ ಹೆಚ್ಚು ಮನೆಗಳು ನೆಲದ ಮೇಲೆಯೇ ಇರಲಿಲ್ಲ. ಜೋಳದ ಹೊಲದಲ್ಲಿ ಹಕ್ಕಿ ಕಾಯಲು ಹಾಕುವ ಅಟ್ಟದಂತೆ ದಪ್ಪ ದಪ್ಪ ಕಂಬಗಳ ಮೇಲೆ ಏರಿ ಕುಳಿತಿದ್ದವು. ಕೆಳಗಿನ ಬಯಲಿನಲ್ಲಿ ಕಾರು, ಮೀನಿನ ಬಲೆ, ಜೋಕಾಲಿ, ಬಟ್ಟೆ ಒಣಗಿಸುವ ಹಗ್ಗ.

“ಮನಿ ಮ್ಯಾಲ, ಸಂಸಾರ ಕೆಳಗ,” ಎಂದಳು ಅಕ್ಕ.

ಸುನಂದಾ ಹೇಳಿದಳು: ಮುಂದೆ ಸಮುದ್ರ ಬಂದರೆ ಮನೆಯ ಕೆಳಗೆ ಹಾದು ಹೋಗಲಿ ಎಂದು ಸರಕಾರವೇ ಹಣ ಕೊಟ್ಟು ಇದ್ದ ಮನೆಗಳನ್ನು ಹಾಗೇ ಎತ್ತಿಸುತ್ತಿದೆ. ಒಡೆದು ಕಟ್ಟುವುದಲ್ಲ, ಇಡೀ ಮನೆಯ ಕೆಳಗೆ ಜಾಕಿ ಕೊಟ್ಟು, ಒಳಗಿನ ಕಪಾಟಿನಲ್ಲಿ ಕಪ್ಪು-ಬಸಿಗಳು ಇದ್ದಂತೆಯೇ ಮೇಲೇರಿಸುವುದು. ನಾನು ಬೆರಗಾದೆ. ಹಣ ಬರುವ ದಾರಿಯನ್ನು ಕೇಳಿದಾಗ ಮಾತ್ರ ಬೆರಗಾಗಲಿಲ್ಲ. ವಾಷಿಂಗ್ಟನ್ನಿನಿಂದ ಹೊರಟು ರಾಜ್ಯದ ರಾಜಧಾನಿಗೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ಗುತ್ತಿಗೆದಾರನಿಗೆ. ಪ್ರತಿ ಮೆಟ್ಟಿಲಿಗೂ ತಪಾಸಣೆ ಮಾಡುವವನೊಬ್ಬ, ಅವನನ್ನು ತಪಾಸಣೆ ಮಾಡುವವನು ಮತ್ತೊಬ್ಬ. ತುಬಚಿಯ ಕಡೆ ಹೊಳೆಯ ನೀರನ್ನು ಮೇಲೆತ್ತಿ ಕಾಲುವೆಗೆ ಬಿಡುವ ಯೋಜನೆಯ ಮಾತು ಬಂದಾಗಲೆಲ್ಲ ಜನ ಕೇಳುವುದು ಒಂದೇ: ಕೊನೆಯ ಹೊಲಕ್ಕೆ ಯಾವಾಗ ಮುಟ್ಟೀತು? ಅಲ್ಲಿಯೂ ಅದೇ ಪ್ರಶ್ನೆ. ಗುತ್ತಿಗೆದಾರ ಹಣ ತೆಗೆದುಕೊಂಡು ಪರಾರಿಯಾದ ಮನೆಗಳೂ ಅಲ್ಲಿದ್ದವು, ಅರ್ಧ ಎತ್ತಿ ಬಿಟ್ಟವು. ಅವುಗಳನ್ನು ನೋಡಿ ನನಗೆ, ದೇವರಾಣೆ, ಸ್ವಲ್ಪ ಸಮಾಧಾನವೇ ಆಯಿತು.

ಅಲ್ಲಿಯ ಜನ ರಸ್ತೆಯಲ್ಲಿ ಗುರುತಿಲ್ಲದವರಿಗೂ “ಹೇಗಿದ್ದೀರಿ” ಎಂದು ಕೇಳುತ್ತಾರೆ, ಕೇಳಿ ನಿಲ್ಲದೆ ನಡೆದುಬಿಡುತ್ತಾರೆ. ಅಕ್ಕನಿಗೆ ಇದು ತಿಳಿಯಲಿಲ್ಲ. ಕೇಳಿದವರನ್ನು ನಿಲ್ಲಿಸಿ, ಸುನಂದಾಳ ಬಾಯಿಂದ ತನ್ನ ಸೊಂಟದ ನೋವು, ಬಿ.ಪಿ. ಗುಳಿಗೆ, ಜಮಖಂಡಿಯ ಡಾಕ್ಟರರು ಹೇಳಿದ್ದು ಎಲ್ಲವನ್ನೂ ಹೇಳಿಸುತ್ತಿದ್ದಳು. ಅವರೂ ಪಾಪ ನಿಂತು ಕೇಳುತ್ತಿದ್ದರು. ಎರಡನೇ ವಾರದ ಹೊತ್ತಿಗೆ ಆ ಬೀದಿಯಲ್ಲಿ ನಿಂತು ಉತ್ತರ ಕೇಳುವ ರೂಢಿಯೇ ಬೆಳೆದುಬಿಟ್ಟಿತು.

ಪಕ್ಕದ ಮನೆ

ಪಕ್ಕದ ಮನೆಯಾಕೆ ಮಿಸ್ ಡೋರಾ. ಆ ಕಡೆ ವಯಸ್ಸಾದ ಹೆಂಗಸನ್ನು ಬರೀ ಹೆಸರಿನಿಂದ ಕರೆಯುವುದಿಲ್ಲ. ಮದುವೆಯಾಗಿರಲಿ ಬಿಡಲಿ, ಮೊಮ್ಮಕ್ಕಳಿರಲಿ, ಹೆಸರಿಗೆ ಮೊದಲು ಮಿಸ್ ಹಚ್ಚುತ್ತಾರೆ. ನಾವು ಅಕ್ಕ ಎಂದು ಹಚ್ಚಿದಂತೆ. ಅವರು ಕಪ್ಪು ಜನ, ಶಾಲೆಯ ಅಡಿಗೆಮನೆಯಲ್ಲಿ ದುಡಿದು ನಿವೃತ್ತರಾದವರು. ಮೊದಲ ಸೋಮವಾರವೇ ಅನ್ನ ಮತ್ತು ಕೆಂಪು ಕಾಳಿನ ಪಲ್ಯ ಕಳಿಸಿದರು. ಅಲಸಂದಿ ಎಂದು ಅಕ್ಕ ಸಂತೋಷದಿಂದ ಸೌಟು ಹಾಕುವಷ್ಟರಲ್ಲಿ ಸುನಂದಾ ಓಡಿ ಬಂದು ಪಾತ್ರೆ ಕಸಿದುಕೊಂಡಳು. ಅದರಲ್ಲಿ ಮಾಂಸ ಇತ್ತು. ಮುಂದಿನ ಸೋಮವಾರದಿಂದ ಮಿಸ್ ಡೋರಾ ನಮಗಾಗಿ ಬೇರೆ ಗಡಿಗೆಯಲ್ಲಿ ಮಾಂಸವಿಲ್ಲದ್ದು ಮಾಡಿ ಕಳಿಸಿದರು. ಅಕ್ಕ ಬದಲಿಗೆ ರೊಟ್ಟಿ ಕೊಟ್ಟಳು. ಅವರು ಅದನ್ನು ಕಾಫಿಯಲ್ಲಿ ಅದ್ದಿ ತಿಂದರು. ಅಕ್ಕ ಮುಖ ತಿರುವಿಕೊಂಡಳು, ಆದರೆ ಕೊಡುವುದನ್ನು ಬಿಡಲಿಲ್ಲ.

ಮಿಸ್ ಡೋರಾರ ಮನೆ ಬೀದಿಯಲ್ಲೇ ಚಂದದ್ದು. ತಿಳಿ ಹಸಿರು ಬಣ್ಣ, ಮುಂದೆ ಪಡಸಾಲೆ, ಎಲ್ಲ ಕಂಬದ ಮೇಲೆ. ಆದರೆ ಅವರು ಇದ್ದದ್ದು ಅದರಲ್ಲಿ ಅಲ್ಲ. ಅದೇ ಮನೆಯ ಅಂಗಳದಲ್ಲಿ ನಿಲ್ಲಿಸಿದ್ದ, ಗಾಲಿಯ ಮೇಲಿನ ತಗಡಿನ ಮನೆಯಲ್ಲಿ. ಯಾಕೆಂದು ಕೇಳಿದೆ. ಅವರು ಮೊಳಕಾಲು ತೋರಿಸಿದರು. ಎರಡೂ ಊದಿಕೊಂಡು ಕುಂಬಳದ ಮಿಡಿಗಳಂತಿದ್ದವು. ಭಾನುವಾರ ಚರ್ಚಿನ ನಂತರ ನೆಂಟನೊಬ್ಬನ ಹೆಗಲು ಹಿಡಿದು, ನಡುನಡುವೆ ಕೂತು, ಮೆಟ್ಟಿಲು ಹತ್ತಿ ಹೋಗಿ ತಮ್ಮ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕುಳಿತು ಇಳಿದು ಬರುತ್ತಾರೆ. ಉಳಿದ ದಿನವೆಲ್ಲ ಮನೆಗೆ ಬೀಗ.

ಅವರು ಏನೋ ಹೇಳಿ ಗಟ್ಟಿಯಾಗಿ ನಕ್ಕರು. ಸುನಂದಾ ನಗಲಿಲ್ಲ.

“ಏನಂದ್ರು?” ಎಂದೆ.

“ಸರಕಾರ ನನ್ನ ಮನೀನ ನೀರಿಂದ ಉಳಿಸ್ತು, ನನ್ನಿಂದನೂ ಉಳಿಸ್ತು ಅಂತಾರ, ಮಾಮಾ.”

“ಮನಿ ಎತ್ತೋ ಮುಂದ ಇವರನ್ನ ಕೇಳಲಿಲ್ಲೇನು?”

ಸುನಂದಾ ಕೇಳಿದಳು. ಮಿಸ್ ಡೋರಾ ಕೈ ತಿರುವಿದರು. “ಯಾರೋ ಬಂದು ರಸ್ತೆ ಮ್ಯಾಲೆ ನಿಂತು ಫೋಟೊ ತಕ್ಕೊಂಡ ಹೋದ್ರಂತ. ಕಾಗದದಾಗ ಮಾತ್ರ ಮನಿಯವರನ್ನ ವಿಚಾರಿಸೇವಿ ಅಂತ ಅದ ಅಂತ. ಮೊಳಕಾಲು ಹೆಂಗವ ಅಂತ ಯಾರೂ ಕೇಳಲಿಲ್ಲಂತ,” ಎಂದಳು ಸುನಂದಾ.

ನಾನು ಅಲ್ಲಿಂದ ಎದ್ದೆ. ಬಿಸಿಲು ತಡೆಯುವುದಿಲ್ಲ ಎಂದು ನೆವ ಹೇಳಿದೆ. ಬಿಸಿಲು ಬನಹಟ್ಟಿಯದಕ್ಕಿಂತ ಹೆಚ್ಚೇನೂ ಇರಲಿಲ್ಲ.

ಬನಹಟ್ಟಿಯ ಹತ್ತಿರದ ಆ ಹಳ್ಳಿ

ಇಲ್ಲಿ ಪ್ರವಾಸ ಬಿಟ್ಟು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಕಡೆ ದೊಡ್ಡ ನೆರೆ ಬಂದ ಮರುವರ್ಷ, ನನ್ನ ನೌಕರಿಯ ಕೊನೆಯ ವರ್ಷ, ಹೊಳೆದಂಡೆಯ ಒಂದು ಹಳ್ಳಿಯನ್ನು ಎತ್ತರದ ಜಾಗಕ್ಕೆ ಸಾಗಿಸುವ ಕೆಲಸಕ್ಕೆ ನನ್ನನ್ನು ಹಾಕಿದ್ದರು. ಹಳ್ಳಿಯ ಹೆಸರು ಬರೆಯುವುದಿಲ್ಲ. ನನ್ನಿಂದ ಅವರಿಗೆ ಆದದ್ದು ಸಾಕು. ಅಡಿಪಾಯ ತೋಡುವ ಮೊದಲು ಎಂಜಿನಿಯರ್ ಸಾಹೇಬರು ನನ್ನನ್ನು ಕರೆದು, “ಎಲ್ಲಾರನೂ ಕೂಡಿಸಿ, ಮನಿ ಹೆಂಗ ಬೇಕು ಕೇಳಿ ಬಾ. ನಕಾಶೆದಾಗ ಬದಲು ಮಾಡೂದಿದ್ರ ಈಗ ಮಾಡ್ಬೇಕು,” ಎಂದು ಕಳಿಸಿದರು.

ನಮ್ಮಂಥ ನೌಕರರು ಊರನ್ನು ಕೇಳುವುದಕ್ಕೆ ಒಂದು ಪದ್ಧತಿ ಇತ್ತು. ಊರ ಗೌಡರ ಮನೆಯ ಪಡಸಾಲೆಯಲ್ಲಿ ಕೂತು ಚಹಾ ಕುಡಿಯುವುದು, ಗೌಡರನ್ನು ಕೇಳುವುದು, ಅವರು ಹೂಂ ಅಂದರೆ ಊರೇ ಹೂಂ ಅಂದಂತೆ. ಜೀವನವಿಡೀ ಹಾಗೇ ಮಾಡಿದ್ದೆ. ಅಂದು ಗೌಡರ ಮನೆಯಲ್ಲಿ ಹೋಳಿಗೆಯ ಊಟವೂ ಇತ್ತು. ಉಂಡು, ಅಲ್ಲೇ ಜಮಖಾನದ ಮೇಲೆ ಅಡ್ಡಾಗಿ, ಬಿಸಿಲು ತಗ್ಗಿದ ಮೇಲೆ ಎದ್ದು ಬಂದೆ. ಜನ ಇದ್ದ ತಗಡಿನ ಶೆಡ್ಡುಗಳ ಕಡೆ ಹೋಗಲೇ ಇಲ್ಲ. ಲಂಚ ತಿಂದವನಲ್ಲ ಎಂದು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದವನು ನಾನು. ಅಂದು ತಿಂದದ್ದು ಬರೀ ಹೋಳಿಗೆ.

“ಎಲ್ಲಾರನೂ ಕೇಳೇನ್ರಿ ಸಾಹೇಬ್ರ. ಎಲ್ಲಾರೂ ಒಪ್ಯಾರ,” ಎಂದೆ.

ಗೌಡರು ಕಬ್ಬಿನ ಒಕ್ಕಲುತನದವರು. ಬಾಡಗಂಡಿಯ ಕಾರಖಾನೆಗೆ ಕಬ್ಬು ಕಳಿಸುವವರು. ಆ ಊರಿನ ಒಂದು ಓಣಿಯ ತುಂಬ ಇದ್ದವರು ನೇಕಾರರು. ಅವರದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ; ಅದರ ಮುಂದೆ ಹಾಸು, ಅಂದರೆ ಸೀರೆಯ ಉದ್ದದ ಎಳೆಗಳು, ಮನೆಯ ಈ ತುದಿಯಿಂದ ಆ ತುದಿಗೆ ಬಿಗಿದು ನಿಂತಿರಬೇಕು. ನಕಾಶೆಯಲ್ಲಿ ಮನೆಯ ನಟ್ಟನಡುವೆ ಒಂದು ಗೋಡೆ ಇತ್ತು.

ಆ ಗೋಡೆ ಮೊಳಕಾಲುದ್ದ ಎದ್ದಾಗ ಗಂಗವ್ವ ಎಂಬ ನೇಕಾರ ಹೆಣ್ಣುಮಗಳು ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಗೋಡೆಯ ಆಚೆ ಈಚೆ ನಡೆದಳು. ಹಿಂದೆ ಅವಳ ಗಂಡ ಶಿವಪ್ಪ.

“ಸಾಹೇಬ್ರ, ಈ ಗ್ವಾಡಿ ಇಲ್ಲಿ ಬ್ಯಾಡ್ರಿ. ಮಗ್ಗ ಹೂಡಾಕ ಬರಂಗಿಲ್ಲ. ಹಾಸು ಎಲ್ಲಿ ಎಳಿಯೂಣ್ರಿ?”

ಪಕ್ಕದಲ್ಲಿ ಗುತ್ತಿಗೆದಾರ ನಿಂತಿದ್ದ. ಗೋಡೆ ಕೆಡವಿಸಿದರೆ ಸಾಹೇಬರಿಗೆ ಕಾರಣ ಹೇಳಬೇಕು. ಕಾರಣ ಹೇಳಿದರೆ ನನ್ನ ಸುಳ್ಳು ಹೊರಬೀಳುತ್ತದೆ.

“ಮೀಟಿಂಗಿನ್ಯಾಗ ಯಾಕ ಹೇಳಲಿಲ್ಲ?” ಎಂದೆ.

“ಮೀಟಿಂಗ್ ಯಾವಾಗ ಆತ್ರಿ?”

“ಆತಲ್ಲ. ಊರೆಲ್ಲಾ ಬಂದಿತ್ತು. ನೀ ಬರಲಿಲ್ಲ.”

ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. “ಅವತ್ತ ನೂಲು ತರಾಕ ಬನಹಟ್ಟಿಗಿ ಹೋಗಿರಬೇಕ ನೋಡ್ರಿ ನಾ. ನಂದ ತಪ್ಪಾತು.”

ಶಿವಪ್ಪ ಅಲ್ಲೇ ಅವಳ ಮೇಲೆ ಹರಿಹಾಯ್ದ. “ನಾ ಜ್ವರದಾಗ ಬಿದ್ದಿದ್ದೆ. ನೀನರೆ ಹೋಗಬೇಕಿತ್ತಿಲ್ಲ? ಮಗ್ಗದ ಮನಿ ಹೆಂಗಸು, ಎಲ್ಲಿ ತಿರಗಾಕ ಹೋಗಿದ್ದೆಬೇ?”

ನಾನು ನಿಂತು ಕೇಳಿದೆ. ಅಷ್ಟೇ ಅಲ್ಲ, ಹೋಗುವಾಗ ಇನ್ನೊಂದು ಮಾತೂ ಸೇರಿಸಿದೆ: “ಸರಕಾರದ ಮನಿ. ಗೋಡೆಗೆ ಕೈ ಹಚ್ಚಿದ್ರ ಮನೀನ ಹೋಗ್ತದ.”

ಅವರು ಕೈ ಹಚ್ಚಲಿಲ್ಲ. ಮಗ್ಗ ಬಿಚ್ಚಿ ಮೂಲೆಗೆ ಇಟ್ಟರು. ಶಿವಪ್ಪ ಬನಹಟ್ಟಿಯಲ್ಲಿ ಮಂದಿಯ ಪಾವರ್‌ಲೂಮಿನ ಮೇಲೆ ಕೂಲಿಗೆ ಹೋಗತೊಡಗಿದ. ಅವನು ಅವಳನ್ನು ಬೈಯುವುದು ನಿಂತಿಲ್ಲ ಎಂದು ಆ ಕಡೆಯವರು ಹೇಳುತ್ತಿದ್ದರು. ಅದೇ ಓಣಿಯ ಉಳಿದ ನೇಕಾರರಿಗೆ ಎರಡನೇ ಕಂತಿನ ಮನೆಗಳು ಇನ್ನೂ ಆಗಬೇಕಿದ್ದವು, ಅದೇ ನಕಾಶೆಯ ಮೇಲೆ.

ಶಾಲೆಯ ದೊಡ್ಡ ಕೋಣೆ

ಆ ಊರಿನಲ್ಲಿ ಮನೆ ಎತ್ತುವ ಹಣದ ತಪಾಸಣೆಗೆ ಮೇಲಿನವರು ಬಂದಾಗ ಸುನಂದಾಳ ಶಾಲೆಯಲ್ಲೇ ಸಭೆ ಇತ್ತು. ಮಿಸ್ ಡೋರಾರನ್ನು ಕರೆದುಕೊಂಡು ನಾವೂ ಹೋದೆವು. ಮಕ್ಕಳು ಚೆಂಡಾಡುವ ದೊಡ್ಡ ಕೋಣೆ. ಮೊದಲು ಎಲ್ಲರೂ ಎದ್ದು, ತಮ್ಮ ಧ್ವಜದ ಕಡೆ ತಿರುಗಿ, ಎದೆಯ ಮೇಲೆ ಕೈಯಿಟ್ಟು ಏನೋ ಹೇಳಿದರು. ಅಕ್ಕ ಇದು ಆರತಿ ಎಂದುಕೊಂಡು ಕಣ್ಣು ಮುಚ್ಚಿ ಕೈ ಮುಗಿದಳು. ಒಬ್ಬಾತ ನಾಯಿಯನ್ನು ತಂದಿದ್ದ, ಒಬ್ಬಾಕೆ ಹೆಣೆಯುತ್ತ ಕೂತಿದ್ದಳು.

ಅಲ್ಲಿಯ ಪದ್ಧತಿ ಹೀಗೆ: ಯಾರು ಬೇಕಾದರೂ ಎದ್ದು ಮೈಕಿನ ಮುಂದೆ ಮೂರು ನಿಮಿಷ ಮಾತಾಡಬಹುದು. ಮೇಜಿನ ಮೇಲೆ ಹಸಿರು ದೀಪ ಹತ್ತುತ್ತದೆ, ಹೊತ್ತು ಮುಗಿದಾಗ ಕೆಂಪಾಗುತ್ತದೆ. ದೀಪ ಹಸಿರಿರುವ ತನಕ ಅಧಿಕಾರಿಗಳು ಬಾಯಿ ತೆರೆಯುವಂತಿಲ್ಲ. ಇದನ್ನು ಕೇಳಿ ಅಕ್ಕ, “ನಮ್ಮ ಮನ್ಯಾಗೂ ಇಂಥಾದ್ದೊಂದು ಹಚ್ಚಬೇಕಿತ್ತು, ನಿಮ್ಮ ಭಾವ ಇದ್ದಾಗ,” ಎಂದಳು.

ಹಲವರು ಮಾತಾಡಿದರು. ಕೂಗಾಡಿದವರೂ ಇದ್ದರು. ನಂತರ ಮಿಸ್ ಡೋರಾ ಕೋಲೂರಿ ಎದ್ದರು. ದನಿ ಏರಿಸದೆ, ಮನೆಯನ್ನು ಚಲೋ ಎತ್ತಿದ್ದಾರೆ, ಗೋಡೆ ಬಿರುಕು ಬಿಟ್ಟಿಲ್ಲ, ಕಿಟಕಿ ಸರಿಯಾಗಿ ಮುಚ್ಚುತ್ತದೆ, ನಾನು ಮಾತ್ರ ಅಂಗಳದಲ್ಲಿದ್ದೇನೆ ಎಂದರು. ಹೊರಗಿನಿಂದ ಬಂದಿದ್ದ ತಪಾಸಣೆಯ ಹೆಣ್ಣುಮಗಳು ಮೇಜಿನಲ್ಲಿ ಕೂತವರ ಕಡೆ ತಿರುಗಿ, ಈ ಮನೆಯನ್ನು ನೋಡಿ ಪಾಸು ಮಾಡಿದವರು ಯಾರು ಎಂದು ಕೇಳಿದಳು.

ಯಾರೂ ಮಾತಾಡಲಿಲ್ಲ. ಆ ಮೌನ ನನಗೆ ಚೆನ್ನಾಗಿ ಗೊತ್ತು. ಅದರೊಳಗೆ ಕೂತು ಬಂದವನು ನಾನು. ಇನ್ನು ಒಬ್ಬರು ಇನ್ನೊಬ್ಬರ ಮೇಲೆ ಹಾಕುತ್ತಾರೆ, ಕೊನೆಗೆ ವರ್ಗವಾಗಿ ಹೋದವನ ಹೆಸರು ಬರುತ್ತದೆ ಎಂದು ಕಾದೆ.

ಮೇಜಿನ ತುದಿಯಲ್ಲಿದ್ದ ದಪ್ಪನೆಯ ಮನುಷ್ಯ ಎದ್ದು ನಿಂತ. ಬೆವರುತ್ತಿದ್ದ. ಸುನಂದಾ ನನ್ನ ಕಿವಿಯಲ್ಲಿ ಹೇಳತೊಡಗಿದಳು.

“ನಾನ ಮಾಡಿದ್ದು ಅಂತಾನ, ಮಾಮಾ. ಫೋಟೊ ನೋಡ್ದೆ, ಎತ್ತರ ಬರೋಬರಿ ಇತ್ತು. ನಾ ಹೋಗಲಿಲ್ಲ. ಹೋಗಿ ಮನಿಯವರ ಜೋಡಿ ಮಾತಾಡೇನಿ ಅಂತ ನಮ್ಮ ಸಾಹೇಬ್ರಿಗೆ ಹೇಳಿದ್ದೆ. ಅದು ಸುಳ್ಳು ಅಂತಾನ.”

ಹಿಂದಿನಿಂದ ಯಾರೋ ಬೈದರು. ಇನ್ಯಾರೋ ಸಿಳ್ಳೆ ಹಾಕಿದರು. ತಪಾಸಣೆಯಾಕೆ ತಲೆ ಬಗ್ಗಿಸಿ ಬರೆದುಕೊಂಡಳು. ಅವನು ಹಾಗೇ ನಿಂತಿದ್ದ, ಕೂಡುವುದೋ ಹೊರಗೆ ಹೋಗುವುದೋ ತಿಳಿಯದೆ. ದೀಪ ಕೆಂಪಾಗಿ ಬಹಳ ಹೊತ್ತಾಗಿತ್ತು, ಮಿಸ್ ಡೋರಾ ಇನ್ನೂ ಮೈಕಿನ ಮುಂದೆಯೇ ಇದ್ದರು. ಅವರನ್ನು ಕೂಡಿರಿ ಎನ್ನುವ ಧೈರ್ಯ ಯಾರಿಗೂ ಆಗಲಿಲ್ಲ. ಅವರು ಅವನ ಕಡೆ ತಿರುಗಿ ಮೈಕಿನಲ್ಲೇ ಏನೋ ಹೇಳಿದರು.

“ಏನಂತಾರ?” ಎಂದು ಅಕ್ಕ ಸುನಂದಾಳನ್ನು ತಿವಿದಳು.

“ನಾಳಿ ಮುಂಜಾನೆ ಬಾ ಮಗನ, ಅಂತಾರ. ಬರೋವಾಗ ಅಂಗಡಿಯಿಂದ ನಂದೊಂದು ಅಕ್ಕಿ ಚೀಲ ತಗೊಂಡು ಬಾ, ಅಂತಾರ.”

ಇಡೀ ಕೋಣೆ ನಕ್ಕಿತು. ಅವನೂ ನಕ್ಕ, ಅಳುವವನಂತೆ.

ಮರುದಿನ, ಮೆಟ್ಟಿಲ ಮೇಲೆ

ಅವನು ನಿಜವಾಗಿಯೂ ಬಂದ, ಹೆಗಲ ಮೇಲೆ ಚೀಲ. ಮಿಸ್ ಡೋರಾ ಕೆಳಗೆ ಕುರ್ಚಿ ಹಾಕಿಕೊಂಡು ಕೂತು, ಆ ಚೀಲವನ್ನು ಮೇಲೆ ಇಡಿಸಿದರು, ಆಮೇಲೆ ಬೇಡ ಎಂದು ಕೆಳಗೆ ತರಿಸಿದರು, ಮತ್ತೆ ನೆನಪಾದವರಂತೆ ಮೇಲೆ ಕಳಿಸಿದರು. ಅಕ್ಕ ನಮ್ಮ ಕಿಟಕಿಯಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೊನೆಗೆ ಅವನು ಮೆಟ್ಟಿಲ ಮೇಲೆ ಏದುಸಿರು ಬಿಡುತ್ತ ಕೂತು, ಲಿಫ್ಟಿಗೆ ಇದೇ ಹಣದಲ್ಲಿ ದಾರಿ ಇದೆ, ಕೊಡಿಸುತ್ತೇನೆ ಎಂದು ಮಾತು ಕೊಡಲಾರೆ, ಬರೆಯುವುದನ್ನಂತೂ ಇಂದೇ ಬರೆಯುತ್ತೇನೆ ಎಂದ. ಆ ನೌಕರಿ ಅವನಿಗೆ ಉಳಿಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ.

ಸಂಜೆ ನಾನು ಅಕ್ಕನ ಮುಂದೆ ಗಂಗವ್ವನ ವಿಷಯವನ್ನೆಲ್ಲ ಹೇಳಿದೆ, ಹೋಳಿಗೆಯಿಂದ ಹಿಡಿದು. ಅಕ್ಕ ಸಮಾಧಾನ ಮಾಡುತ್ತಾಳೆ, ಆದದ್ದು ಆಗಿಹೋಯಿತು ಅನ್ನುತ್ತಾಳೆ ಎಂಬ ಆಸೆ ಇತ್ತು. ಅವಳು ಮೆಂತ್ಯದ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ನನಗ್ಯಾಕ ಹೇಳ್ಲಿಕ್ಕತ್ತಿ?” ಎಂದಳು. “ನಾ ಏನು ಗಂಗವ್ವನೇನು?”

“ಪೆನ್ಶನ್ನಿಗೆ ತ್ರಾಸು ಆಗಬಹುದು, ಅಕ್ಕಾ.”

“ಆದ್ರ ಆಗಲಿ. ನನ್ನ ಮನ್ಯಾಗ ಊಟಾ ಮಾಡು. ನೀ ಉಣ್ಣೂದು ಎಷ್ಟು? ಹೋಳಗಿ ಮಾತ್ರ ಕೇಳಬ್ಯಾಡ.”

ನಾವು ಹೊರಡುವ ವಾರ ಮಿಸ್ ಡೋರಾರ ಅಂಗಳದಲ್ಲಿ ಲಿಫ್ಟಿನ ಬುಡಕ್ಕೆ ಕಾಂಕ್ರೀಟು ಹಾಕಿದರು. ಹಾಕಿದವರು ಹೋಗಿಬಿಟ್ಟರು. ನಾನು ದಿನಾ ಮುಂಜಾನೆ ಸುನಂದಾಳ ತೋಟದ ಪೈಪು ಎಳೆದುಕೊಂಡು ಹೋಗಿ ಅದಕ್ಕೆ ನೀರು ಹೊಡೆದೆ. ಇಲ್ಲಿ ಹಾಗೆ ಹೊಡೆಯುವ ರೂಢಿ ಇಲ್ಲ ಎಂದಳು ಸುನಂದಾ. ಇರಲಿ ಎಂದೆ.

ಮರಳಿ

ಜಮಖಂಡಿಗೆ ಬಂದು ಪೆಟ್ಟಿಗೆ ಬಿಚ್ಚುವ ಮೊದಲು ಕಚೇರಿಗೆ ಹೋದೆ. ಹಳೆಯ ಸಾಹೇಬರು ವರ್ಗವಾಗಿದ್ದರು. ಅವರ ಜಾಗದಲ್ಲಿ ಬಂದಿದ್ದ ಎಂಜಿನಿಯರ್ ಬಾಯಿಯವರು ನನ್ನ ಮಗಳ ವಯಸ್ಸಿನವರು. ನಿಂತೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

“ಈಗ ಹೇಳ್ಲಿಕ್ಕತ್ತೀರಲ್ರಿ! ಎರಡನೇ ಕಂತಿನ ಅಡಿಪಾಯ ಮುಂದಿನ ತಿಂಗಳ ಅದ, ಗೊತ್ತದ ಇಲ್ಲ?”

“ಅದಕ್ಕ ಬಂದೇನ್ರಿ, ಬಾಯಾರ.”

ಅವರು ನಕಾಶೆ ಬಿಡಿಸಿ ಬಹಳ ಹೊತ್ತು ನೋಡಿದರು. ಆ ನಡುಗೋಡೆ ಮಾಳಿಗೆಯ ಭಾರ ಹೊತ್ತದ್ದಲ್ಲ, ಕೋಣೆ ಬೇರೆ ಮಾಡಲು ಎತ್ತಿದ ಅರ್ಧ ಇಟ್ಟಿಗೆಯದು. ಅದು ನನಗೂ ಗೊತ್ತಿತ್ತು, ಗೊತ್ತಿದ್ದೇ ಗಂಗವ್ವನನ್ನು ಹೆದರಿಸಿದ್ದೆ. ಈಗ ಕಟ್ಟಿರುವ ಮನೆಗಳಲ್ಲಿ ಬೇಕಾದವರು ಅದನ್ನು ತೆಗೆಯಬಹುದು ಎಂದರು. ಹೊಸ ಮನೆಗಳನ್ನು ಕಟ್ಟುವ ಮೊದಲು ತಾವೇ ಬಂದು ಓಣಿಯಲ್ಲಿ ಕೂತು ಕೇಳುವುದಾಗಿ ಹೇಳಿದರು. ನನ್ನ ವಿಷಯ ಮೇಲೆ ತಿಳಿಸಲೇಬೇಕಾಗುತ್ತದೆ ಎಂದೂ ಹೇಳಿದರು. ತಿಳಿಸಿರಿ ಎಂದೆ. ಹೇಳಿ ಹೊರಗೆ ಬಂದ ಮೇಲೆ ಬಸ್ ನಿಲ್ದಾಣದವರೆಗೆ ಸರಾಗವಾಗಿ ನಡೆದೆ.

“ನಾ ಬರೂಕಿಂತ ಮದಲ ನೀವ ಹೋಗಿ ಹೇಳ್ರಿ,” ಎಂದಿದ್ದರು ಅವರು. ಹೋದೆ.

ಗಂಗವ್ವ ಬಾಗಿಲಲ್ಲಿ ಕೂತು ಯಾರದೋ ನೂಲು ಸುತ್ತುತ್ತಿದ್ದಳು. ಶಿವಪ್ಪ ಅಂಗಳದಲ್ಲಿ ಸೈಕಲ್ ಒರೆಸುತ್ತಿದ್ದ.

“ಗಂಗವ್ವಾ, ನಿನಗೊಂದು ಮಾತು ಹೇಳಬೇಕು. ಆ ಮೀಟಿಂಗ್ ಆಗಿರಲಿಲ್ಲ.”

“ಯಾವ ಮೀಟಿಂಗ್ರಿ?”

“ಮನಿ ಹೆಂಗ ಬೇಕಂತ ಕೇಳೂದು. ನಾ ಯಾರನ್ನೂ ಕೂಡಿಸಲೇ ಇಲ್ಲ. ಗೌಡರ ಮನ್ಯಾಗ ಉಂಡು ಹೋದೆ. ನೀ ತಪ್ಪಿಸಿಕೊಂಡಿದ್ದು ಏನೂ ಇರಲಿಲ್ಲ.”

ನೂಲಿನ ಉಂಡೆ ಅವಳ ಮಡಿಲಿಗೆ ಬಿತ್ತು. ನನ್ನನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಅಂಗಳದ ಕಡೆ ತಿರುಗಿ, “ಅವಗ ಹೇಳ್ರಿ. ಜೋರ್‍ಲೆ ಹೇಳ್ರಿ, ಪಾವರ್‌ಲೂಮಿನ ಸಪ್ಪಳಕ್ಕ ಕಿವಿ ಹೋಗ್ಯಾವು,” ಎಂದಳು.

ನಾನು ಹೇಳಿದೆ. ಶಿವಪ್ಪ ಕಿವಿಗೆ ಕೈ ಹಚ್ಚಿ, “ಆಂ?” ಎಂದ. ಮತ್ತೆ ಹೇಳಿದೆ. ಅವನಿಗೆ ಮೀಟಿಂಗ್ ಎಂಬುದಷ್ಟೇ ಕೇಳಿಸಿತು. “ಯಾವಾಗ ಐತಿ ಮೀಟಿಂಗ್?”

“ಆಗಿರಲಿಲ್ಲ! ಮೀಟಿಂಗ್ ಆಗಿರಲೇ ಇಲ್ಲ! ನಾ ಸುಳ್ಳು ಹೇಳಿದ್ದೆ! ಗಂಗವ್ವಂದು ಏನೂ ತಪ್ಪಿಲ್ಲ!”

ಎದುರು ಮನೆಯವರು ಹೊರಗೆ ಬಂದರು. ಪಕ್ಕದವರು ಬಂದರು. ಮುದುಕನೊಬ್ಬ ಓಣಿಯಲ್ಲಿ ನಿಂತು ಕಿರುಚಾಡುವುದನ್ನು ನೋಡಲು ನಳದ ಹತ್ತಿರವಿದ್ದ ಹೆಂಗಸರೂ ಕೊಡ ಬಿಟ್ಟು ಬಂದರು. ಒಬ್ಬಾತ, “ಹಂಗಾರ ನಮ್ಮ ಮನಿಯಾಗ ಎಮ್ಮಿ ಕಟ್ಟಾಕ ಜಾಗಾ ಇಲ್ಲದ್ದು ಯಾರ ಪುಣ್ಯಾರಿ?” ಎಂದ. “ಅದೂ ನಂದ,” ಎಂದೆ. ಒಬ್ಬಳು ಸರಿಯಾಗಿಯೇ ಬೈದಳು, ನನ್ನ ತಂದೆಯವರನ್ನೂ ಸೇರಿಸಿ. ಎಂಜಿನಿಯರ್ ಬಾಯಿಯವರು ಬರುವುದನ್ನೂ, ಗೋಡೆ ತೆಗೆಯಬಹುದೆಂಬುದನ್ನೂ ಆ ಗದ್ದಲದಲ್ಲೇ ಹೇಳಿ ಮುಗಿಸಿದೆ.

ಶಿವಪ್ಪನಿಗೆ ಈಗ ಎಲ್ಲ ಕೇಳಿಸಿತ್ತು. ಹೆಂಡತಿಯ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ. ಸೈಕಲ್ಲನ್ನು ಗೋಡೆಗೆ ಆನಿಸಿ ಒಳಗೆ ಹೋದ. ಒಳಗಿನಿಂದ ಭಾರವಾದದ್ದೇನನ್ನೋ ನೆಲದ ಮೇಲೆ ಎಳೆಯುವ ಸದ್ದು ಬಂತು. ಬಗ್ಗಿ ನೋಡಿದೆ. ನಡುಗೋಡೆಗೆ ಹೊಂದಿಸಿ ಇಟ್ಟಿದ್ದ ದೊಡ್ಡ ಟ್ರಂಕನ್ನು ಅವನು ಒಬ್ಬನೇ ಈಚೆಗೆ ಎಳೆಯುತ್ತಿದ್ದ.

ನಾನು ಹೊಸ್ತಿಲ ಹೊರಗೆ ನಿಂತೇ ಇದ್ದೆ.

“ನಿಂತ ನೋಡ್ತೀರೇನ್ರಿ?” ಎಂದಳು ಗಂಗವ್ವ, ಮಡಿಲಿನ ನೂಲು ಕೊಡವಿ ಏಳುತ್ತ. “ಒಂದ ಬಾಜು ಹಿಡೀರಿ.”

ಚಪ್ಪಲಿ ಬಿಟ್ಟು ಒಳಗೆ ಹೋಗಿ ಟ್ರಂಕಿನ ಇನ್ನೊಂದು ಹಿಡಿಕೆ ಹಿಡಿದೆ.